ಚಳಿಗಾಲಕ್ಕೆ ಮುಂಚೆ ಸ್ಟಾರ್ಟ್-ಸ್ಟಾಪ್ ಕಾರಿನ ಬ್ಯಾಟರಿ: ಪರೀಕ್ಷೆ, ಚಾರ್ಜಿಂಗ್, ಬದಲಾವಣೆ

ಮ್ಯೂನಿಕ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಪ್ರತಿ ವರ್ಷ ಅಕ್ಟೋಬರ್ ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬರು ಈ ಮಾತು ಎತ್ತುತ್ತಾರೆ: "ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗ್ತಿತ್ತಲ್ಲ, ಈಗ ಆಗ್ತಾನೇ ಇಲ್ಲ. ಹೋಗ್ಲಿ ಬಿಡಿ, ಕಾಟ ತಪ್ಪಿತು." ಒಂದು ವರ್ಷ ನಾನೂ ಹಾಗೇ ಬಿಟ್ಟಿದ್ದೆ. ಜನವರಿಯ ಒಂದು ಬೆಳಿಗ್ಗೆ, ಹೊರಗೆ ಮೈನಸ್ 11 ಡಿಗ್ರಿ, ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಟನ್ ಒತ್ತಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಹತ್ತಿ ಮಂಕಾದವು. ಬಾನೆಟ್ ಒಳಗಿಂದ ಟಕಟಕಟಕ ಅಂತ ಸದ್ದು. ಎಂಜಿನ್ ಅರ್ಧ ಸುತ್ತೂ ತಿರುಗಲಿಲ್ಲ.

ಸಹಾಯಕ್ಕೆ ಬಂದ ಮೆಕ್ಯಾನಿಕ್ ಮೀಟರ್ ಹಚ್ಚುವ ಮೊದಲು ಬ್ಯಾಟರಿಯ ಲೇಬಲ್ ಮೇಲೆ ಟಾರ್ಚ್ ಬಿಟ್ಟು ಏನನ್ನೋ ಹುಡುಕಿದ. ಅವನು ಹುಡುಕುತ್ತಿದ್ದದ್ದು ಮೂರಕ್ಷರ: ಎಜಿಎಂ, ಮತ್ತೆ ಮತ್ತೆ ಖಾಲಿಯಾಗಿ ತುಂಬುವುದನ್ನು ತಾಳುವ ಬಗೆಯ ಬ್ಯಾಟರಿ. ಅದು ಅಲ್ಲಿರಲಿಲ್ಲ. ನಾನು ಕೊಂಡಿದ್ದು ಸೆಕೆಂಡ್‌ಹ್ಯಾಂಡ್ ಕಾರು. ಹಿಂದಿನ ಮಾಲೀಕರು ಸ್ಟಾರ್ಟ್-ಸ್ಟಾಪ್ (ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಹೊರಡುವಾಗ ತಾನೇ ಹೊತ್ತುವ ಸೌಲಭ್ಯ) ಇರುವ ಗಾಡಿಗೆ ಮಾಮೂಲಿ ಬ್ಯಾಟರಿ ಹಾಕಿಸಿದ್ದರು. ಎರಡೂವರೆ ತಿಂಗಳಿಂದ ಪ್ರತಿ ಸಿಗ್ನಲ್‌ನಲ್ಲೂ ಕಾರು ಅದನ್ನೇ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಸ್ಟಾರ್ಟ್-ಸ್ಟಾಪ್ ಅಂದರೆ ಪೆಟ್ರೋಲ್ ಉಳಿಸುವ ಸೌಲಭ್ಯ ಮಾತ್ರವಲ್ಲ, ನಿಮ್ಮ ಬ್ಯಾಟರಿಯ ನಾಡಿ. ಅದನ್ನು ಹಿಡಿದು ನೋಡುವುದು ಹೇಗೆ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಒಳಗೆ ನಡೆಯುವುದೇನು

ಇದು ಹಳೆಯ ಯೋಚನೆ. 1980ರ ದಶಕದಲ್ಲೇ ಫೋಕ್ಸ್‌ವ್ಯಾಗನ್ ಪೋಲೊದ ಒಂದು ಮಾದರಿಯಲ್ಲಿ ಇತ್ತು. ದೊಡ್ಡ ಪ್ರಮಾಣದಲ್ಲಿ ಬಂದದ್ದು 2007ರ ಸುಮಾರಿಗೆ, ಇದೇ ಮ್ಯೂನಿಕ್‌ನ ಬಿಎಂಡಬ್ಲ್ಯು ತನ್ನ 1 ಸೀರೀಸ್ ಕಾರಿಗೆ ಕೊಟ್ಟ ಮೇಲೆ. ಈಗ ಯುರೋಪಿನಲ್ಲಿ ಇದಿಲ್ಲದ ಹೊಸ ಪೆಟ್ರೋಲ್, ಡೀಸೆಲ್ ಕಾರೇ ಅಪರೂಪ.

ಬ್ಯಾಟರಿಯ ಮೈನಸ್ ಟರ್ಮಿನಲ್ ನೋಡಿ. ಕ್ಲ್ಯಾಂಪಿಗೆ ಅಂಟಿದಂತೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ತುಂಡು, ಅದರಿಂದ ಹೊರಟ ಸಣ್ಣ ವೈರು ಕಾಣುತ್ತದೆ. ಅದು ಬ್ಯಾಟರಿ ಸೆನ್ಸರ್. ಒಳಗೆ ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು, ವೋಲ್ಟೇಜ್ ಎಷ್ಟು, ಬಿಸಿ ಎಷ್ಟು ಎಂದು ಹಗಲೂ ರಾತ್ರಿ ಲೆಕ್ಕ ಬರೆಯುತ್ತದೆ. ಅಂಗಡಿಯ ಜಮಾ-ಖರ್ಚಿನ ಪುಸ್ತಕ ಇದ್ದ ಹಾಗೆ. ಖಾತೆಯಲ್ಲಿ ಉಳಿಕೆ ಕಡಿಮೆ ಕಂಡರೆ, ಸಾಮಾನ್ಯವಾಗಿ ಚಾರ್ಜ್ ಶೇ. 70ರ ಆಸುಪಾಸಿಗೆ ಇಳಿದರೆ, ಕಾರಿನ ಕಂಪ್ಯೂಟರ್ "ಈಗ ಎಂಜಿನ್ ಆಫ್ ಮಾಡಿದರೆ ಮತ್ತೆ ಹೊತ್ತಿಸುವುದು ಕಷ್ಟ" ಎಂದು ತೀರ್ಮಾನಿಸಿ ಸ್ಟಾರ್ಟ್-ಸ್ಟಾಪ್ ನಿಲ್ಲಿಸಿಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ಅದಕ್ಕಿದೆ.

ಚಳಿ ಮೂರು ಕಡೆಯಿಂದ ಹೊಡೆಯುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ; ಮೈನಸ್ 18ರಲ್ಲಿ ಒಳ್ಳೆಯ ಬ್ಯಾಟರಿಯೂ ಬೇಸಿಗೆಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕೊಡುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿರುವುದರಿಂದ ಅದೇ ಹೊತ್ತಿಗೆ ಸೆಲ್ಫ್ ಮೋಟರ್ ಹೆಚ್ಚು ಶಕ್ತಿ ಕೇಳುತ್ತದೆ. ಜನ ಮರೆಯುವುದು ಮೂರನೆಯದನ್ನು: ತಣ್ಣಗಿರುವ ಬ್ಯಾಟರಿ ಚಾರ್ಜನ್ನು ಒಳಗೆ ತೆಗೆದುಕೊಳ್ಳುವುದೂ ನಿಧಾನ. ಹತ್ತು ನಿಮಿಷ ಓಡಿಸಿದಿರಿ ಅಂದ ಮಾತ್ರಕ್ಕೆ ಬೆಳಗಿನ ಖರ್ಚು ವಾಪಸ್ ಬಂದಿರುವುದಿಲ್ಲ.

ಲೆಕ್ಕ ನೋಡಿ. ಒಂದು ಸಲ ಸ್ಟಾರ್ಟ್ ಮಾಡುವುದಕ್ಕೆ ಮುನ್ನೂರು ಆಂಪಿಯರ್ ಎಳೆದರೂ ಅದು ಎರಡು-ಮೂರು ಸೆಕೆಂಡಿನ ಮಾತು, ಕಾಲು ಆಂಪಿಯರ್-ಅವರ್‌ಗೆ ಮುಟ್ಟುತ್ತದೆ ಅಷ್ಟೆ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಆದರೆ ಹಿಂಗಾಜಿನ ಹೀಟರ್, ಎರಡು ಸೀಟ್ ಹೀಟರ್, ಬ್ಲೋವರ್, ಹೆಡ್‌ಲೈಟ್ ಎಲ್ಲ ಸೇರಿದರೆ ಸುಲಭವಾಗಿ 40 ಆಂಪಿಯರ್. ಎಂಜಿನ್ ಆಫ್ ಆಗಿ ಮೂರು ನಿಮಿಷ ನಿಂತರೆ ಎರಡು ಆಂಪಿಯರ್-ಅವರ್ ಹೋಯಿತು. ಅಂದರೆ ಎಂಟು ಸ್ಟಾರ್ಟಿನಷ್ಟು. ಬ್ಯಾಟರಿಯನ್ನು ಸೊರಗಿಸುವುದು ಮತ್ತೆ ಮತ್ತೆ ಸ್ಟಾರ್ಟ್ ಆಗುವುದಕ್ಕಿಂತ ಹೆಚ್ಚಾಗಿ ಈ ಹೀಟರ್‌ಗಳ ಖರ್ಚು ಮತ್ತು ತುಂಬದ ಜಮಾ.

ಜೊತೆಗೆ ಈಗಿನ ಕಾರುಗಳ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) ಬ್ಯಾಟರಿಯನ್ನು ಪೂರ್ತಿ ತುಂಬಿಸುವುದೇ ಇಲ್ಲ. ಆಕ್ಸಲರೇಟರ್ ಬಿಟ್ಟಾಗ, ಬ್ರೇಕ್ ಹಾಕಿದಾಗ ಸಿಗುವ ಪುಕ್ಕಟೆ ಕರೆಂಟಿಗೆ ಜಾಗ ಬೇಕಲ್ಲ, ಅದಕ್ಕೆ ಶೇ. 80ರ ಹತ್ತಿರ ಬೇಕೆಂದೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಹೊರಗಿನ ಚಾರ್ಜರ್ ಇಲ್ಲದೆ ಇಂಥ ಬ್ಯಾಟರಿ ನೂರಕ್ಕೆ ನೂರು ತುಂಬುವುದು ಅಪರೂಪ.

ಮೊದಲ ಹೆಜ್ಜೆ: ಇದು ಸಹಜವೋ, ಎಚ್ಚರಿಕೆಯೋ?

ಚಳಿಗಾಲದಲ್ಲಿ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿರುವುದಕ್ಕೆ ಎಷ್ಟೋ ನ್ಯಾಯವಾದ ಕಾರಣಗಳಿವೆ. ಹೊರಗೆ 3 ಡಿಗ್ರಿಗಿಂತ ಕೆಳಗಿದ್ದರೆ ಹಲವು ಕಾರುಗಳು ತಾವೇ ನಿಲ್ಲಿಸುತ್ತವೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲ, ಒಳಗೆ ನೀವು ಕೇಳಿದಷ್ಟು ಬೆಚ್ಚಗಾಗಿಲ್ಲ, ಮುಂಗಾಜಿನ ಮಂಜು ತೆಗೆಯುವ ಬಟನ್ ಒತ್ತಿದ್ದೀರಿ, ಸೀಟ್‌ಬೆಲ್ಟ್ ಹಾಕಿಲ್ಲ, ಇಳಿಜಾರಿನಲ್ಲಿದ್ದೀರಿ. ಇವುಗಳಲ್ಲಿ ಒಂದಿದ್ದರೂ ಸಾಕು. ಇದ್ಯಾವುದೂ ತೊಂದರೆ ಅಲ್ಲ.

ಆದ್ದರಿಂದ ಪರೀಕ್ಷೆಗೆ ಸರಿಯಾದ ದಿನ ಆರಿಸಿ. ಅಕ್ಟೋಬರ್‌ನಲ್ಲಿ 10-15 ಡಿಗ್ರಿ ಇರುವ ಮಧ್ಯಾಹ್ನ ಒಳ್ಳೆಯದು. ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ. ಎಸಿ, ಸೀಟ್ ಹೀಟರ್, ಗಾಜಿನ ಹೀಟರ್ ಎಲ್ಲ ಆಫ್ ಮಾಡಿ. ಊರೊಳಗೆ ಬಂದು ಸಮತಟ್ಟಾದ ಕಡೆ ನಾಲ್ಕೈದು ಸಿಗ್ನಲ್‌ಗಳಲ್ಲಿ ನಿಂತು ನೋಡಿ. ಎಂಜಿನ್ ಆಫ್ ಆಗಿ ಒಂದು ನಿಮಿಷವಾದರೂ ಹಾಗೇ ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಆಫ್ ಆಗಲೇ ಇಲ್ಲ, ಅಥವಾ ಹತ್ತು ಸೆಕೆಂಡಿಗೆ ತಾನೇ ಸ್ಟಾರ್ಟ್ ಆಯಿತು ಅಂದರೆ ಬ್ಯಾಟರಿಯ ಮೇಲೆ ಅನುಮಾನ ಪಡಲೇಬೇಕು. ಕೆಲವು ಕಾರುಗಳು ಕಾರಣವನ್ನು ಸ್ಕ್ರೀನಿನಲ್ಲೇ ತೋರಿಸುತ್ತವೆ, ಆ ಮೆನುವನ್ನು ಒಮ್ಮೆ ಹುಡುಕಿ ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಅಳೆಯಿರಿ

ಹತ್ತಿಪ್ಪತ್ತು ಯೂರೋ ಮಲ್ಟಿಮೀಟರ್ ಸಾಕು. ಆದರೆ ಅಳೆಯುವ ಹೊತ್ತು ಮುಖ್ಯ. ಈಗಷ್ಟೇ ಓಡಿಸಿ ಬಂದ ಕಾರಿನ ವೋಲ್ಟೇಜ್ ಸುಳ್ಳು ಹೇಳುತ್ತದೆ. ಮೇಲ್ಮೈಯ ಚಾರ್ಜ್ ಇಳಿಯಬೇಕು. ರಾತ್ರಿಯಿಡೀ ನಿಂತಿರಲಿ. ಬೀಗ ತೆಗೆದ ಕೂಡಲೇ, ಬಾಗಿಲು ತೆರೆದ ಕೂಡಲೇ ಕಾರಿನ ಕಂಪ್ಯೂಟರ್‌ಗಳು ಎದ್ದು ಕರೆಂಟ್ ಎಳೆಯತೊಡಗುತ್ತವೆ. ಆದ್ದರಿಂದ ಬಾನೆಟ್ ತೆರೆದು, ಬೀಗ ಹಾಕಿ, ಕೀಲಿಯನ್ನು ಮನೆಯೊಳಗಿಟ್ಟು, ಒಂದರ್ಧ ಗಂಟೆ ಬಿಟ್ಟು ಬಂದು ಅಳೆಯುವುದು ಉತ್ತಮ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ ಬಾನೆಟ್ ಒಳಗೆ ಕೆಂಪು ಮುಚ್ಚಳದ ಪ್ಲಸ್ ಪಾಯಿಂಟ್ ಕೊಟ್ಟಿರುತ್ತಾರೆ, ಅಲ್ಲೇ ನೋಡಬಹುದು.

12.7 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. ಎಜಿಎಂ ಬ್ಯಾಟರಿ ಪೂರ್ತಿ ತುಂಬಿದ್ದರೆ 12.8-12.9 ತೋರಿಸುತ್ತದೆ. 12.4 ಅಂದರೆ ಸುಮಾರು ಮುಕ್ಕಾಲು, ಚಾರ್ಜರ್ ಹಾಕುವ ಹೊತ್ತು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ದಿನಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಅದು ಪೂರ್ತಿ ಬಿಡುವುದಿಲ್ಲ. ನನ್ನದು ಆ ಬೆಳಿಗ್ಗೆ 11.6 ಇತ್ತು.

ವೋಲ್ಟೇಜ್ ಹೇಳುವುದು ಹೊಟ್ಟೆ ಎಷ್ಟು ತುಂಬಿದೆ ಎಂದು ಮಾತ್ರ. ಮೈಯಲ್ಲಿ ಕಸುವಿದೆಯೇ ಎಂಬುದು ಬೇರೆ ಮಾತು. 12.7 ತೋರಿಸುವ ಮುದಿ ಬ್ಯಾಟರಿ ಸೆಲ್ಫ್ ಹೊಡೆದ ಕೂಡಲೇ ಕುಸಿಯಬಹುದು. ಮೀಟರಿನಲ್ಲಿ ಕನಿಷ್ಠ ವೋಲ್ಟೇಜ್ ಹಿಡಿಯುವ ಸೌಲಭ್ಯವಿದ್ದರೆ ಸ್ಟಾರ್ಟ್ ಮಾಡುವಾಗ ನೋಡಿ: ಹಿತವಾದ ಹವೆಯಲ್ಲೂ 9.6ರ ಕೆಳಗೆ ಇಳಿದರೆ ಆ ಬ್ಯಾಟರಿ ಚಳಿಗಾಲ ದಾಟುವುದಿಲ್ಲ. ಇನ್ನೂ ನಿಖರವಾಗಿ ಬೇಕಿದ್ದರೆ ವರ್ಕ್‌ಶಾಪಿನಲ್ಲಿ ಸಿಸಿಎ, ಅಂದರೆ ಚಳಿಯಲ್ಲಿ ಸ್ಟಾರ್ಟ್ ಮಾಡುವ ಕಸುವಿನ, ಪರೀಕ್ಷೆ ಮಾಡಿಸಿ. ಲೇಬಲ್ ಮೇಲೆ "760 ಎ (ಇಎನ್)" ಎಂದಿದ್ದರೆ ಅರ್ಥ ಇಷ್ಟು: ಮೈನಸ್ 18 ಡಿಗ್ರಿಯಲ್ಲಿ ಹತ್ತು ಸೆಕೆಂಡು ಅಷ್ಟು ಕರೆಂಟ್ ಕೊಟ್ಟರೂ ವೋಲ್ಟೇಜ್ 7.5ಕ್ಕಿಂತ ಇಳಿಯಬಾರದು. ಪರೀಕ್ಷೆಯಲ್ಲಿ ಲೇಬಲ್‌ಗಿಂತ ಕಾಲುಭಾಗದಷ್ಟು ಕಡಿಮೆ ಬಂದರೆ ನಾನು ಬದಲಿಸುತ್ತೇನೆ. ಕಾಯುವುದರಲ್ಲಿ ಲಾಭವಿಲ್ಲ.

ಜರ್ಮನಿಯ ವಾಹನ ಸಂಘವಾದ ಎಡಿಎಸಿ ವರ್ಷವರ್ಷವೂ ಪ್ರಕಟಿಸುವ ಲೆಕ್ಕದಲ್ಲಿ, ದಾರಿಯಲ್ಲಿ ಕೈಕೊಡುವ ಗಾಡಿಗಳಲ್ಲಿ ಶೇ. 40ಕ್ಕೂ ಹೆಚ್ಚಿನವು ನಿಲ್ಲುವುದು ಈ 12 ವೋಲ್ಟ್ ಬ್ಯಾಟರಿಯಿಂದಲೇ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಆಮೇಲಿನ ಮಾತು. ಒಂದು ಬೆಳಗಿನ ಅರ್ಧ ಗಂಟೆ ಕೊಟ್ಟು ಅಳೆಯುವುದಕ್ಕೆ ಇಷ್ಟು ಕಾರಣ ಸಾಕು.

ಮೂರನೆಯ ಹೆಜ್ಜೆ: ಚಾರ್ಜ್ ಮಾಡುವುದು, ಕಪ್ಪು ಕ್ಲಿಪ್ಪು ಎಲ್ಲಿಗೆ?

ಹೆಚ್ಚಿನವರು ಎಡವುವುದು ಇಲ್ಲಿ. ಚಾರ್ಜರಿನ ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕ್ಲಿಪ್ ಮಾತ್ರ ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ ಅಲ್ಲ. ಕಾರಿನ ಬಾಡಿಯ ಮೇಲೆ ಬೋಲ್ಟ್ ಮಾಡಿರುವ ಅರ್ತಿಂಗ್ ಪಾಯಿಂಟಿಗೆ. ಏಕೆಂದರೆ ಸೆನ್ಸರ್ ಕೂತಿರುವುದು ಬ್ಯಾಟರಿಯ ಮೈನಸ್ಸಿಗೂ ಬಾಡಿಗೂ ನಡುವೆ. ನೇರ ಮೈನಸ್ಸಿಗೆ ಹಾಕಿದರೆ ಕರೆಂಟ್ ಸೆನ್ಸರನ್ನು ದಾಟದೆ ಹಿಂಬಾಗಿಲಿಂದ ಒಳಗೆ ಹೋಗುತ್ತದೆ. ಬ್ಯಾಟರಿ ತುಂಬಿರುತ್ತದೆ, ಪುಸ್ತಕದಲ್ಲಿ ಜಮಾ ಆಗಿರುವುದಿಲ್ಲ. ಸ್ಟುಟ್‌ಗಾರ್ಟಿನಲ್ಲಿರುವ ಹಾಸನದ ಗೆಳೆಯನೊಬ್ಬ ಫೋನ್ ಮಾಡಿ "ಗುರು, ಎರಡು ರಾತ್ರಿ ಚಾರ್ಜ್ ಹಾಕ್ದೆ, ಇನ್ನೂ ಸ್ಟಾರ್ಟ್-ಸ್ಟಾಪ್ ಬರ್ತಿಲ್ಲ, ಬ್ಯಾಟರಿ ಹೋಯ್ತಾ?" ಅಂದ. "ಕಪ್ಪು ಕ್ಲಿಪ್ ಎಲ್ಲಿ ಹಾಕಿದ್ದೀಯೋ?" ಎಂದು ಕೇಳಿದೆ. ಅಷ್ಟೇ ಆಗಿತ್ತು ವಿಷಯ.

ಚಾರ್ಜರಿನಲ್ಲಿ ಎಜಿಎಂ ಮೋಡ್ ಇರಲಿ. ಎಜಿಎಂಗೆ 14.4ರಿಂದ 14.8 ವೋಲ್ಟ್ ಸರಿ, ಅದರ ಮೇಲೆ ಬೇಡ. ಎಷ್ಟೋ ಚಾರ್ಜರುಗಳಲ್ಲಿ ಹಳೆಯ ಬ್ಯಾಟರಿಗೆ ಜೀವ ತುಂಬುವ ಮೋಡ್ ಅಂತ ಒಂದಿರುತ್ತದೆ, 15 ವೋಲ್ಟಿನ ಮೇಲೆ ಹೋಗುತ್ತದೆ; ನೀರು ಹಾಕಲು ಬಾರದ ಎಜಿಎಂ ಬ್ಯಾಟರಿಗೆ ಅದನ್ನು ಮುಟ್ಟಲೇಬೇಡಿ. 70 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ 5 ಆಂಪಿಯರ್ ಚಾರ್ಜರಿಗೆ ಒಂದು ರಾತ್ರಿ ಪೂರ್ತಿ ಬೇಕು. ಕೊನೆಯ ಶೇ. 20 ತುಂಬುವುದು ಬಲು ನಿಧಾನ, ಅವಸರದಲ್ಲಿ ಕಿತ್ತುಬಿಟ್ಟರೆ ಅದೇ ತಪ್ಪಿಹೋಗುತ್ತದೆ.

ಒಂದು ಎಚ್ಚರಿಕೆ. ತುಂಬಿದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಬಹುದು, ಆಸಿಡ್ಡಿನ ಪಾಲು ಇಳಿದು ಒಳಗಿರುವುದು ಹೆಚ್ಚುಕಡಿಮೆ ನೀರೇ ಆಗಿರುತ್ತದಲ್ಲ. ಡಬ್ಬ ಉಬ್ಬಿದ್ದರೆ, ಬಿರುಕಿದ್ದರೆ ಚಾರ್ಜರನ್ನೂ ಜಂಪರ್ ಕೇಬಲ್ಲನ್ನೂ ಹತ್ತಿರ ತರಬೇಡಿ. ಸ್ಫೋಟವಾಗಬಹುದು.

ಚಾರ್ಜ್ ಮುಗಿದ ಮೇಲೆ ಕಾರಿಗೆ ಬೀಗ ಹಾಕಿ ಐದಾರು ಗಂಟೆ ಮುಟ್ಟದೆ ಬಿಡಿ. ಆ ನಿದ್ದೆಯಲ್ಲೇ ಸೆನ್ಸರ್ ತನ್ನ ಲೆಕ್ಕ ತಿದ್ದಿಕೊಳ್ಳುವುದು. ಮರುದಿನ ಸ್ಟಾರ್ಟ್-ಸ್ಟಾಪ್ ತಾನಾಗಿ ಮರಳಿದರೆ ಬ್ಯಾಟರಿ ಹಸಿದಿತ್ತು ಅಷ್ಟೆ. ಒಂದು ವಾರಕ್ಕೆ ಮತ್ತೆ ಹೋಯಿತೋ, ಬ್ಯಾಟರಿ ಮುದಿಯಾಗಿದೆ, ಇಲ್ಲವೇ ರಾತ್ರಿ ಏನೋ ಕರೆಂಟ್ ಕದಿಯುತ್ತಿದೆ.

ರಾತ್ರಿ ಬೀದಿದೀಪದ ಕೆಳಗೆ ಕಾರು ನಿಲ್ಲಿಸುವವರನ್ನು ಜರ್ಮನರು ಲಟರ್ನೆನ್‌ಪಾರ್ಕರ್ ಎನ್ನುತ್ತಾರೆ. ನಾನೂ ಅವರಲ್ಲೊಬ್ಬ, ಮೂರನೆಯ ಮಹಡಿಯಿಂದ ವೈರು ಎಳೆಯಲಾಗುವುದಿಲ್ಲ. ನವೆಂಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ, ಗ್ಯಾರೇಜ್ ಇರುವ ಗೆಳೆಯರ ಮನೆಯಲ್ಲಿ ಶನಿವಾರ ರಾತ್ರಿ ಕಾರು ಬಿಟ್ಟು ಬರುತ್ತೇನೆ. ಚಳಿಗಾಲಕ್ಕೆ ಆ ಎರಡು ರಾತ್ರಿ ಸಾಕಾಗಿದೆ. ಕಾರನ್ನು ನಿಂತಲ್ಲೇ ಓಡಿಸಿ ಚಾರ್ಜ್ ಮಾಡೋಣ ಅಂದುಕೊಳ್ಳಬೇಡಿ: ಜರ್ಮನಿಯಲ್ಲಿ ಕಾರಣವಿಲ್ಲದೆ ಎಂಜಿನ್ ಓಡಿಸಿಕೊಂಡು ನಿಲ್ಲುವುದಕ್ಕೆ ದಂಡವಿದೆ, ತುಂಬುವುದೂ ಅಷ್ಟಕ್ಕಷ್ಟೆ.

ದಿನದ ಬಳಕೆಯಲ್ಲಿ

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಒಂದೇ ಸಮ ಓಡಿಸಿ. ಹಿಂಗಾಜು ತಿಳಿಯಾದ ಮೇಲೆ ಹೀಟರ್ ಆಫ್ ಮಾಡಿ. ಕೀಲಿ ಇಲ್ಲದೆ ತೆರೆಯುವ ಕಾರಾದರೆ ಕೀಲಿಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಬೇಡಿ. ಗಾಡಿ ಮನೆಗೆ ಅಂಟಿಕೊಂಡು ನಿಂತಿದ್ದರೆ ಅದು ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್, ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರ್ ಪರೀಕ್ಷಿಸಲು ಇರುವ ಸಾಕೆಟ್) ಚುಚ್ಚಿ ಮರೆತ ಸಣ್ಣ ಡಾಂಗಲ್, ಇವೆರಡೇ ಎಷ್ಟೋ ಬ್ಯಾಟರಿಗಳನ್ನು ತಿಂದಿವೆ. ಮಲಗಿದ ಕಾರು 50 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು.

ಸ್ಟಾರ್ಟ್-ಸ್ಟಾಪ್ ಬಟನ್ ಒತ್ತಿ ಆಫ್ ಮಾಡಬೇಕೇ? ಐದು ಕಿಲೋಮೀಟರ್ ಓಡಾಟ, ಎಲ್ಲ ಹೀಟರ್ ಆನ್, ದಾರಿಯುದ್ದಕ್ಕೂ ಸಿಗ್ನಲ್; ಇಂಥ ದಿನ ಆಫ್ ಮಾಡುವುದರಲ್ಲಿ ಅರ್ಥವಿದೆ. ಆದರೆ ವರ್ಷಪೂರ್ತಿ ಆಫ್ ಮಾಡಿಟ್ಟವರಿಗೆ ನಾಡಿ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ನಾನು ಆನ್ ಇಡುತ್ತೇನೆ.

ಜನವರಿಯಲ್ಲಿ ಸತ್ತ ಬ್ಯಾಟರಿಗೆ ಪೆಟ್ಟು ಬಿದ್ದಿರುವುದು ಬಹುಪಾಲು ಜುಲೈಯಲ್ಲಿ. ಬಿಸಿ ಹತ್ತು ಡಿಗ್ರಿ ಏರಿದಂತೆಲ್ಲ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಕಲಬುರಗಿ, ರಾಯಚೂರಿನಲ್ಲಿ ಸ್ಟಾರ್ಟ್-ಸ್ಟಾಪ್ ಕಾರು ಓಡಿಸುವ ನಮ್ಮ ಮನೆಯವರಿಗೆ ಮೈನಸ್ ಡಿಗ್ರಿಯ ಭಯವಿಲ್ಲ. ಆದರೆ ಬ್ಯಾಟರಿ ಬೇಗ ಸವೆಯುವುದು ಅವರದೇ.

ಬದಲಿಸುವಾಗ

ಐದು ವರ್ಷ ದಾಟಿದ, ಪರೀಕ್ಷೆಯಲ್ಲಿ ಸೋತ ಬ್ಯಾಟರಿಗೆ ಇನ್ನೊಂದು ಚಳಿಗಾಲ ಕೇಳಬೇಡಿ. ಎಜಿಎಂ ಇದ್ದರೆ ಎಜಿಎಂ ಅನ್ನೇ ಹಾಕಿಸಿ. ಅದರಲ್ಲಿ ಆಸಿಡ್ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುತ್ತದೆ, ಹಾಗಾಗಿ ದಿನಕ್ಕೆ ನೂರು ಸಲ ಅಷ್ಟಿಷ್ಟು ಖಾಲಿಯಾಗಿ ತುಂಬುವುದನ್ನು ತಾಳುತ್ತದೆ. ಇಎಫ್‌ಬಿ ಎಂಬುದು ಗಟ್ಟಿಗೊಳಿಸಿದ ಮಾಮೂಲಿ ಬ್ಯಾಟರಿ. ಕಡಿಮೆ ಬೆಲೆಯ, ಚಿಕ್ಕ ಕಾರುಗಳಿಗೆ ಅದನ್ನೇ ಕೊಟ್ಟಿರುತ್ತಾರೆ. ಇಎಫ್‌ಬಿಯಿಂದ ಎಜಿಎಂಗೆ ಏರಬಹುದು, ಇಳಿಯಬಾರದು. ಹಿಂದಿನ ಮಾಲೀಕರು ಇಳಿದದ್ದರ ಫಲ ನಾನು ಉಂಡೆ.

ಕಳಚುವಾಗ ಮೊದಲು ಮೈನಸ್, ಕೂರಿಸುವಾಗ ಮೊದಲು ಪ್ಲಸ್. 70 ಆಂಪಿಯರ್-ಅವರ್ ಎಜಿಎಂ ಸುಮಾರು 20 ಕಿಲೋ ತೂಗುತ್ತದೆ, ಬೆನ್ನು ಜೋಪಾನ. ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರುವ ಬ್ಯಾಟರಿಗೆ ಗ್ಯಾಸ್ ಹೊರಹೋಗುವ ಸಣ್ಣ ಟ್ಯೂಬ್ ಇರುತ್ತದೆ, ಹೊಸದಕ್ಕೆ ಅದನ್ನು ಸಿಕ್ಕಿಸಲು ಮರೆಯಬೇಡಿ. ಹಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಎಂದು ಓಬಿಡಿ ಉಪಕರಣದಿಂದ ಕಂಪ್ಯೂಟರಿಗೆ ತಿಳಿಸಬೇಕು. ತಿಳಿಸದಿದ್ದರೆ ಅದು ಮುದಿ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತ ಹೋಗುತ್ತದೆ. ಕೆಲಸ ಕೊಡುವ ಮುಂಚೆಯೇ "ಇದನ್ನು ಮಾಡಿಕೊಡುತ್ತೀರಾ?" ಎಂದು ಕೇಳಿ. ಹಳೆಯದನ್ನು ಅಂಗಡಿಗೇ ಕೊಡಿ. ಜರ್ಮನಿಯಲ್ಲಿ ಹಳೆಯದನ್ನು ಕೊಡದೆ ಹೊಸದು ಕೊಂಡರೆ 7.50 ಯೂರೋ ಠೇವಣಿ ಹಿಡಿಯುತ್ತಾರೆ. ಕೆಲವು ಮರ್ಸಿಡಿಸ್, ವೋಲ್ವೊ ಕಾರುಗಳಲ್ಲಿ ಸ್ಟಾರ್ಟ್-ಸ್ಟಾಪ್‌ಗೆಂದೇ ಇನ್ನೊಂದು ಪುಟ್ಟ ಬ್ಯಾಟರಿ ಇರುತ್ತದೆ. ದೊಡ್ಡದನ್ನು ಬದಲಿಸಿದರೂ ಸರಿಹೋಗಲಿಲ್ಲ ಅಂದರೆ ಅಲ್ಲಿ ನೋಡಿ.

ಜಂಪ್ ಸ್ಟಾರ್ಟ್ ಮಾಡಲೇಬೇಕಾಗಿ ಬಂದರೆ

ಕೆಂಪು ಕೇಬಲ್: ಸತ್ತ ಬ್ಯಾಟರಿಯ ಪ್ಲಸ್, ಆಮೇಲೆ ಸಹಾಯಕ್ಕೆ ಬಂದ ಕಾರಿನ ಪ್ಲಸ್. ಕಪ್ಪು ಕೇಬಲ್: ಆ ಕಾರಿನ ಮೈನಸ್, ಕೊನೆಗೆ ನಿಮ್ಮ ಕಾರಿನ ಬಾಡಿಯ ಅರ್ತಿಂಗ್ ಪಾಯಿಂಟ್. ಕೊನೆಯ ಕ್ಲಿಪ್ಪಿನಲ್ಲಿ ಕಿಡಿ ಹಾರುವುದುಂಟು, ಬ್ಯಾಟರಿಯಿಂದ ದೂರ ಹಾಕುವುದು ಅದಕ್ಕೂ ಹೌದು. ಐದು ನಿಮಿಷ ಆ ಕಾರು ಓಡಲಿ, ಆಮೇಲೆ ಸೆಲ್ಫ್ ಹೊಡೆಯಿರಿ. ಬಿಚ್ಚುವುದು ಹಿಂದುಮುಂದಾಗಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಿಂದ ಕರೆಂಟ್ ತೆಗೆದುಕೊಳ್ಳುವ ಮುಂಚೆ ಅದರ ಜೊತೆ ಬಂದ ಕೈಪಿಡಿ ನೋಡಿ, ಹಲವು ಕಂಪನಿಗಳು ಬೇಡ ಎನ್ನುತ್ತವೆ. ಮತ್ತೆ ಅದೇ ರಾತ್ರಿ ಚಾರ್ಜರ್ ಹಾಕಲೇಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಹೊರಟಾಗ

ನಮ್ಮವರ ಬ್ಯಾಟರಿಗಳು ಹೆಚ್ಚಾಗಿ ಸಾಯುವುದು ಈ ರಜೆಯಲ್ಲಿ. ಮಲಗಿದ ಕಾರು 30 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 0.72 ಆಂಪಿಯರ್-ಅವರ್, ಬೆಂಗಳೂರಿನಲ್ಲಿ ನಾಲ್ಕು ವಾರ ಕಳೆದು ಬರುವಷ್ಟರಲ್ಲಿ ಇಪ್ಪತ್ತು ಖಾಲಿ. ಹೋಗುವಾಗಲೇ ಮುಕ್ಕಾಲು ತುಂಬಿದ್ದ 70ರ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಂದಿರುತ್ತದೆ, ಅದೂ ವರ್ಷದ ಅತಿ ಚಳಿಯ ವಾರಗಳಲ್ಲಿ. ಹೊರಡುವ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಡ್ಯಾಶ್‌ಕ್ಯಾಮ್ ಪ್ಲಗ್ ಕಿತ್ತು, ಫೋನ್ ಆ್ಯಪಿನಲ್ಲಿ ಕಾರನ್ನು ಪದೇ ಪದೇ ನೋಡುವ ಅಭ್ಯಾಸವಿದ್ದರೆ ಅದನ್ನೂ ಬಿಟ್ಟು ಹೋಗಿ. ನೋಡಿದಾಗಲೆಲ್ಲ ಅದು ಎದ್ದು ಕೂರುತ್ತದೆ.

ಮರಳಿ ಬಂದ ದಿನ ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಲೈಟ್, ಬ್ಲೋವರ್, ಹೀಟರ್ ಎಲ್ಲ ಆಫ್ ಇರಲಿ. ಮ್ಯಾನ್ಯುಯಲ್ ಗಾಡಿಯಾದರೆ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ, ಗೇರ್‌ಬಾಕ್ಸಿನ ಗಟ್ಟಿ ಆಯಿಲನ್ನು ತಿರುಗಿಸುವ ಹೊರೆ ಸೆಲ್ಫಿಗೆ ತಪ್ಪುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ. ಹತ್ತದಿದ್ದರೆ ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ. ಮೂರನೆಯ ಸಲಕ್ಕೂ ಆಗಲಿಲ್ಲವೆಂದರೆ ನಿಲ್ಲಿಸಿ, ಕೇಬಲ್ ಇರುವ ಗೆಳೆಯರಿಗೆ ಫೋನ್ ಮಾಡಿ.